ಓಲ್ಡ್‌ಹ್ಯಾಮ್ ನಕ್ಷೆಯೂ ನಮ್ಮ ಮಾಳಿಗೆಯ ಮಣ್ಣೂ

ಒಂದು ಅಂಕ ಹೋದದ್ದರಿಂದ ಶುರುವಾದ ಕತೆ ಇದು. ಧಾರವಾಡದ ಸಪ್ತಾಪುರದಲ್ಲಿ ನಾಲ್ಕು ಜನ ಸೇರಿ ಹಿಡಿದ ರೂಮಿನಲ್ಲಿದ್ದುಕೊಂಡು ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಅಣಕು ಪರೀಕ್ಷೆಯಲ್ಲಿ ಧಾರವಾಡ ಯಾವ ಭೂಕಂಪ ವಲಯದಲ್ಲಿದೆ ಎಂದು ಕೇಳಿದ್ದರು. ನಾನು ಓದಿದ್ದ ಗೈಡಿನಲ್ಲಿ ಇಡೀ ಕರ್ನಾಟಕ ಎರಡನೇ ವಲಯ, ಅಂದರೆ ಅಪಾಯ ಎಲ್ಲಕ್ಕಿಂತ ಕಡಿಮೆ ಇರುವ ವಲಯ ಎಂದಿತ್ತು. ಧೈರ್ಯವಾಗಿ ಅದನ್ನೇ ಗುರುತು ಮಾಡಿದೆ. ಉತ್ತರ ತಪ್ಪು. 2002ರ ಭಾರತೀಯ ಮಾನಕದಲ್ಲಿ ದೇಶದ ಮುಖ್ಯ ಪಟ್ಟಣಗಳ ಪಟ್ಟಿ ಇದೆ. ಅದರಲ್ಲಿ ಧಾರವಾಡದ ಮುಂದೆ ಇರುವುದು ಮೂರನೇ ವಲಯ. ಬೆಂಗಳೂರು, ಮೈಸೂರು ಎರಡರಲ್ಲಿವೆ. ನಾವು ಮೂರರಲ್ಲಿದ್ದೇವೆ.

ಅಂಕ ಹೋದದ್ದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಪ್ರಶ್ನೆ. ನಮ್ಮೂರು ನವಲಗುಂದ ತಾಲ್ಲೂಕಿನ ಎರೆ ಸೀಮೆಯಲ್ಲಿದೆ. ನನಗೆ ಬುದ್ಧಿ ಬಂದ ಮೇಲೆ ಅಲ್ಲಿ ನೆಲ ನಡುಗಿದ್ದು ನಾನು ಕಂಡಿಲ್ಲ. ನೆಲ ಬಿರಿಯುವುದನ್ನು ಮಾತ್ರ ಪ್ರತಿ ಬೇಸಿಗೆಯಲ್ಲಿ ಕಂಡಿದ್ದೇನೆ, ಆದರೆ ಅದು ಎರೆಮಣ್ಣು ಒಣಗಿ ಬಿಡುವ ಬಾಯಿ. ಹಾಗಾದರೆ ನಮ್ಮ ಕಾಲ ಕೆಳಗಿನ ನೆಲಕ್ಕೆ ಎರಡು, ಮೂರು ಎಂದು ನಂಬರು ಕೊಟ್ಟವರು ಯಾರು? ಯಾವುದನ್ನು ನೋಡಿ ಕೊಟ್ಟರು? ಆ ನಕ್ಷೆಯ ಬೆನ್ನು ಹತ್ತಿ ಹಿಂದೆ ಹಿಂದೆ ಹೋದಾಗ ಸಿಕ್ಕವರು ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್.

ಈ ಹೆಸರು ಪರೀಕ್ಷೆಗೆ ಓದುವ ನಮಗೆಲ್ಲ ಗೊತ್ತು, ಒಂದೇ ಸಾಲಿನಲ್ಲಿ: ಭೂಮಿಗೆ ಗರ್ಭವಿದೆ ಎಂದು 1906ರಲ್ಲಿ ತೋರಿಸಿದವರು. ಅಷ್ಟು ಬಾಯಿಪಾಠ ಮಾಡಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಒಂದು ಸಾಲಿನ ಹಿಂದೆ ಭಾರತದಲ್ಲಿ ಕಳೆದ ಇಪ್ಪತ್ತನಾಲ್ಕು ವರ್ಷಗಳ ನೌಕರಿ ಇದೆ, ಅವರ ಅಪ್ಪ ಅರ್ಧಕ್ಕೆ ಬಿಟ್ಟುಹೋದ ಒಂದು ಪಟ್ಟಿ ಇದೆ, ಅಸ್ಸಾಮಿನ ಒಂದು ಸಂಜೆ ಇದೆ ಎಂಬುದು ನನಗೂ ಗೊತ್ತಿರಲಿಲ್ಲ. ಅವರು ಬರೆದ ಹಳೆಯ ಸರ್ಕಾರಿ ವರದಿಗಳು ಈಗ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ರೂಮಿನಲ್ಲಿ ಮಲಗಿಕೊಂಡು ಮೊಬೈಲಿನಲ್ಲೇ ಓದಿದೆ. ಇಂಗ್ಲಿಷ್ ಹಳೆಯದು, ನಿಧಾನವಾಗಿ ಓದಿದರೆ ತಲೆಗೆ ಹತ್ತುತ್ತದೆ.

ಓಲ್ಡ್‌ಹ್ಯಾಮ್ ಹುಟ್ಟಿದ್ದು 1858ರ ಜುಲೈ 31ರಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿ. ತಂದೆ ಥಾಮಸ್ ಓಲ್ಡ್‌ಹ್ಯಾಮ್ ಸಾಮಾನ್ಯರಲ್ಲ. 1851ರಲ್ಲಿ ಕಲ್ಕತ್ತೆಗೆ ಬಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಕಟ್ಟಿ ನಿಲ್ಲಿಸಿದವರು ಅವರೇ. ಇಲ್ಲಿ ನಮಗೂ ಒಂದು ಎಳೆ ಸಿಗುತ್ತದೆ. ಮಗ ಹುಟ್ಟಿದ ಅದೇ 1858ರ ಕೊನೆಗೆ ಥಾಮಸ್ ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ತರುಣ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಸೀಮೆಯ ಕಲ್ಲುಗಳನ್ನು ಕುದುರೆ ಮೇಲೆ, ಕಾಲ್ನಡಿಗೆಯಲ್ಲಿ ತಿರುಗಿ ನೋಡಿ, 1880ರ ದಶಕದಲ್ಲಿ ಅವಕ್ಕೆ ಧಾರವಾಡ ಶಿಲಾವ್ಯವಸ್ಥೆ ಎಂದು ಹೆಸರಿಟ್ಟವರು ಆ ಫೂಟ್. ಈಗ ಭೂಗೋಳದ ಯಾವ ಪುಸ್ತಕ ತೆರೆದರೂ ಆ ಹೆಸರು ಇದ್ದೇ ಇರುತ್ತದೆ. ದೇಶದ ಅತಿ ಹಳೆಯ, ಅತಿ ಗಟ್ಟಿ ಕಲ್ಲುಗಳಲ್ಲಿ ನಮ್ಮವೂ ಸೇರಿವೆ ಎಂದು ನಾವು ಹೆಮ್ಮೆಪಡುವುದೂ ಅದರಿಂದಲೇ. ಗಟ್ಟಿ ನೆಲ, ಹಾಗಾಗಿ ನಡುಗುವುದಿಲ್ಲ ಎಂಬ ನಂಬಿಕೆಯೂ ಅಲ್ಲಿಂದಲೇ ಬಂದದ್ದು. ಆ ನಂಬಿಕೆಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ತಂದೆ 1876ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. 1878ರ ಜುಲೈನಲ್ಲಿ ತೀರಿಕೊಂಡರು. ಮಗನಿಗೆ ಇಪ್ಪತ್ತು ತುಂಬಲು ಇನ್ನೂ ಕೆಲವು ದಿನ ಬಾಕಿ. ಮರುವರ್ಷವೇ, 1879ರಲ್ಲಿ, ರಾಯಲ್ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಓದು ಮುಗಿಸಿದ್ದ ಆ ಹುಡುಗ ತಂದೆಯೇ ಕಟ್ಟಿದ ಇಲಾಖೆಗೆ ಕೆಲಸಕ್ಕೆ ಸೇರಿದ. ಅಪ್ಪನ ಹೆಸರಿನಿಂದ ನೌಕರಿ ಸಿಕ್ಕಿತು ಎಂದು ಯಾರಾದರೂ ಆಡಿಕೊಂಡಿರಬಹುದು ಎಂದು ನನಗೆ ಅನಿಸಿತು, ಅದು ನನ್ನ ಊಹೆ. ಆದರೆ ಅವರ ಪಾಲಿಗೆ ಮೊದಲು ಬಂದ ಕೆಲಸಗಳು ಮೆರೆಯುವಂಥವಲ್ಲ. ಅಪ್ಪ ಮುಗಿಸದೆ ಬಿಟ್ಟಿದ್ದ ಕಾಗದಗಳನ್ನು ಮುಗಿಸಿ ಅಚ್ಚಿಗೆ ಕೊಡಬೇಕಿತ್ತು.

ಆ ಕಾಗದಗಳಲ್ಲಿ ಎರಡು ಮುಖ್ಯ. ಒಂದು, 1869ರ ಜನವರಿ 10ರಂದು ಕಾಛಾರ್‌ನಲ್ಲಿ ಆದ ಭೂಕಂಪದ ವರದಿ, 1882ರಲ್ಲಿ ಹೊರಬಂತು. ಇನ್ನೊಂದು, ಭಾರತದಲ್ಲಿ ಅದುವರೆಗೆ ದಾಖಲಾದ ಭೂಕಂಪಗಳ ಪಟ್ಟಿ, 1883ರಲ್ಲಿ ಪ್ರಕಟವಾಯಿತು. ಪಟ್ಟಿ ಎಂದರೆ ಬರೀ ಪಟ್ಟಿ: ತಾರೀಖು, ಊರು, ಏನಾಯಿತು, ಯಾರು ಹೇಳಿದರು. ಓದಲು ಕಿರಾಣಿ ಅಂಗಡಿಯ ಖಾತೆ ಪುಸ್ತಕದಷ್ಟೇ ರುಚಿ. ಆದರೆ ಇಂಥ ಪಟ್ಟಿ ಇಲ್ಲದೆ ಭೂಕಂಪದ ನಕ್ಷೆ ಹುಟ್ಟುವುದಿಲ್ಲ. ಥಾಮಸ್ ಅವರ ಸ್ನೇಹಿತ, ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾಲೆಟ್ ಅದನ್ನು ಆಗಲೇ ತೋರಿಸಿದ್ದರು. ಜಗತ್ತಿನ ಆರು ಸಾವಿರಕ್ಕೂ ಹೆಚ್ಚು ಭೂಕಂಪಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಬಣ್ಣ ಬಳಿದು, 1850ರ ದಶಕದಲ್ಲಿ ಅವರು ಲೋಕದ ಭೂಕಂಪ ನಕ್ಷೆ ತಯಾರಿಸಿದರು. ಬಣ್ಣ ಎಲ್ಲೆಲ್ಲೋ ಚೆಲ್ಲಾಪಿಲ್ಲಿ ಬೀಳಲಿಲ್ಲ, ಉದ್ದುದ್ದ ಪಟ್ಟೆಗಳಾಗಿ ಬಿತ್ತು. ಇಂದು ನಾವು ಭೂಫಲಕಗಳ ಅಂಚು ಎಂದು ಕಲಿಯುವ ಪಟ್ಟೆಗಳು ಬಹುಮಟ್ಟಿಗೆ ಅವೇ. ಭೂಫಲಕ ಎಂಬ ಕಲ್ಪನೆ ಹುಟ್ಟಲು ಇನ್ನೂ ನೂರು ವರ್ಷವಿದ್ದಾಗ, ಪಟ್ಟಿ ಮತ್ತು ಬಣ್ಣ ಸೇರಿ ಅವನ್ನು ತೋರಿಸಿಬಿಟ್ಟಿದ್ದವು.

ಆದರೆ ಪಟ್ಟಿಯಲ್ಲಿ ಒಂದು ದೋಷ ಇದ್ದೇ ಇರುತ್ತದೆ. ಬರೆದಿಡುವವರು ಇದ್ದಲ್ಲಿ ಮಾತ್ರ ಭೂಕಂಪ ಆದ ಹಾಗೆ ಕಾಣುತ್ತದೆ. ಒಂದು ದಂಡು, ಒಂದು ಕಚೇರಿ, ಒಂದು ಪತ್ರಿಕೆ ಇದ್ದ ಊರಿನ ನಡುಕ ಕಾಗದಕ್ಕೆ ಬಂತು. ನಮ್ಮ ಹಳ್ಳಿಯಂಥ ಊರಿನಲ್ಲಿ ನೆಲ ನಡುಗಿ ಗಡಿಗೆ ಉರುಳಿದ್ದರೆ ಅದನ್ನು ಮುದುಕರು ಕಟ್ಟೆಯ ಮೇಲೆ ಕೂತು ಹೇಳಿದರು, ಅವರ ಜತೆಗೇ ಅದು ಹೋಯಿತು. 1843ರಲ್ಲಿ ಬಳ್ಳಾರಿ ಸೀಮೆಯಲ್ಲಿ ಭೂಕಂಪವಾದದ್ದು ಇಂದಿಗೂ ವಿಜ್ಞಾನಿಗಳ ಲೆಕ್ಕದಲ್ಲಿದೆ, ಏಕೆಂದರೆ ಬಳ್ಳಾರಿಯಲ್ಲಿ ದಂಡಿತ್ತು, ಬರೆಯುವವರಿದ್ದರು. ನಕ್ಷೆಯಲ್ಲಿ ಖಾಲಿ ಜಾಗ ಕಂಡರೆ ಅಲ್ಲಿ ಏನೂ ಆಗಿಲ್ಲ ಎಂದು ಓದಬೇಕೋ, ಯಾರೂ ಬರೆದಿಟ್ಟಿಲ್ಲ ಎಂದು ಓದಬೇಕೋ? ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ಕುಳಿತು ಪಟ್ಟಿ ಮಾಡುತ್ತಲೇ ಓಲ್ಡ್‌ಹ್ಯಾಮ್ ತಿರುಗುತ್ತಲೂ ಇದ್ದರು. ಮಣಿಪುರ ಮತ್ತು ನಾಗಾ ಬೆಟ್ಟಗಳು, ಅಂಡಮಾನ್, ಹಿಮಾಲಯ, ರಾಜಸ್ಥಾನ. 1886ರಲ್ಲಿ ಅವರು ಪಂಜಾಬಿನ ನದಿಗಳು ದಿಕ್ಕು ಬದಲಿಸಿದ ಬಗೆಯನ್ನು ಕುರಿತು, ಮರೆಯಾದ ಸರಸ್ವತಿಯ ಹಳೆಯ ಪಾತ್ರದ ಜಾಡು ಹಿಡಿದು ಒಂದು ಪ್ರಬಂಧ ಬರೆದರು. ಅದನ್ನು ಓದುವಾಗ ನಮ್ಮ ಬೆಣ್ಣಿಹಳ್ಳ ನೆನಪಾಯಿತು. ಮಳೆಗಾಲದಲ್ಲಿ ಮೈದುಂಬಿದರೆ ಅದು ಯಾರ ಹೊಲದ ಮೇಲಾದರೂ ಹರಿಯುತ್ತದೆ, ಇಳಿದ ಮೇಲೆ ದಂಡೆ ಹಿಂದಿನ ಜಾಗದಲ್ಲೇ ಇರುತ್ತದೆ ಎಂಬ ಭರವಸೆ ಇಲ್ಲ. ನಕ್ಷೆಯಲ್ಲಿ ಮಾತ್ರ ನೀಲಿ ಗೆರೆ ಅಲ್ಲಾಡುವುದಿಲ್ಲ. ಓಲ್ಡ್‌ಹ್ಯಾಮ್ ಅವರ ಬರಹಗಳಲ್ಲೆಲ್ಲ ಇದೊಂದು ಹಟ ಕಾಣುತ್ತದೆ: ಗೆರೆಯನ್ನು ನಂಬುವ ಮೊದಲು ನೆಲವನ್ನು ಕೇಳಬೇಕು.

1893ರಲ್ಲಿ ಭಾರತದ ಭೂವಿಜ್ಞಾನದ ಕೈಪಿಡಿಯ ಎರಡನೇ ಆವೃತ್ತಿಯನ್ನು ಅವರು ತಿದ್ದಿ ಬರೆದು ಹೊರತಂದರು. ಬಹುಕಾಲ ಈ ದೇಶದಲ್ಲಿ ಭೂವಿಜ್ಞಾನ ಕಲಿತವರು ಅದನ್ನೇ ಓದಿದರು. ಒಂದು ತಮಾಷೆ: ಭೂಕಂಪ ತಡೆಯುವ ಕಟ್ಟಡಗಳಿಗೆ ಸಂಬಂಧಿಸಿದ ಭಾರತೀಯ ಮಾನಕದ ನಂಬರೂ 1893. ವರ್ಷವಲ್ಲ, ಬರೀ ಕ್ರಮಸಂಖ್ಯೆ. ಆದರೂ ನೆನಪಿಟ್ಟುಕೊಳ್ಳಲು ಸುಲಭ, ಪರೀಕ್ಷೆಗೆ ಓದುವವರು ಗುರುತು ಹಾಕಿಕೊಳ್ಳಿ.

ಇನ್ನು ಆ ಸಂಜೆಗೆ ಬರೋಣ. 1897ರ ಜೂನ್ 12, ಶನಿವಾರ. ಸಂಜೆ ಐದೂ ಕಾಲರ ಹೊತ್ತಿಗೆ ಶಿಲ್ಲಾಂಗ್ ಪ್ರಸ್ಥಭೂಮಿ ನಡುಗಿತು. ಈಗ ಅದು ಮೇಘಾಲಯ, ಆಗ ಅಸ್ಸಾಂ. ಶಿಲ್ಲಾಂಗ್‌ನಲ್ಲಿ ಕಲ್ಲಿನಿಂದ ಕಟ್ಟಿದ ಕಟ್ಟಡಗಳೆಲ್ಲ ನೆಲಸಮವಾದವು. ಬೆಟ್ಟಗಳ ಮೈ ಜಾರಿತು. ಬಯಲಿನಲ್ಲಿ ನೆಲ ಬಾಯಿ ತೆರೆದು ಮರಳು, ನೀರು ಉಗುಳಿತು. ದೂರದ ಕಲ್ಕತ್ತೆಯಲ್ಲೂ ಮನೆಗಳಿಗೆ ಹಾನಿಯಾಯಿತು. ಸತ್ತವರೆಂದು ಲೆಕ್ಕ ಸಿಕ್ಕಿದ್ದು 1,542 ಜನ. ಅಷ್ಟು ದೊಡ್ಡ ಕಂಪನಕ್ಕೆ ಈ ಸಂಖ್ಯೆ ಕಡಿಮೆ. ಕಾರಣ ಸರಳ: ಸಂಜೆಯ ಹೊತ್ತು, ಜನ ಮನೆಯ ಹೊರಗಿದ್ದರು.

ಓಲ್ಡ್‌ಹ್ಯಾಮ್ ಅವರಿಗೆ ಆಗ ಮೂವತ್ತೆಂಟು. ಇಲಾಖೆ ಈ ಭೂಕಂಪದ ತನಿಖೆಯನ್ನು ಅವರ ಕೈಗಿಟ್ಟಿತು. ಸಹೋದ್ಯೋಗಿಗಳು ಬೇರೆ ಬೇರೆ ದಿಕ್ಕಿಗೆ ಹೊರಟರು. ಸ್ವತಃ ಓಲ್ಡ್‌ಹ್ಯಾಮ್ ಚಳಿಗಾಲದಲ್ಲಿ ಆ ಬೆಟ್ಟ ಕಾಡುಗಳನ್ನು ತಿರುಗಿದರು. ಆದರೆ ಎಷ್ಟು ತಿರುಗಿದರೂ ನಾಲ್ಕೈದು ಜನ ಇಡೀ ದೇಶವನ್ನು ನೋಡಲಾಗದು. ಅದಕ್ಕೆ ಜನರಿಗೇ ಪ್ರಶ್ನೆ ಕಳಿಸಿದರು. ನಿಮ್ಮೂರಲ್ಲಿ ನಡುಕ ಗೊತ್ತಾಯಿತೇ? ಎಷ್ಟು ಹೊತ್ತಿಗೆ? ತೂಗುಹಾಕಿದ ವಸ್ತು ಅಲ್ಲಾಡಿತೇ? ಗೋಡೆ ಬಿರಿಯಿತೇ, ಬಿತ್ತೇ? ಅಧಿಕಾರಿಗಳು, ರೈಲ್ವೆ ಸ್ಟೇಷನ್ ಮಾಸ್ತರರು, ತಂತಿ ಕಚೇರಿಯವರು ಉತ್ತರ ಬರೆದರು. ಪತ್ರಿಕೆಗಳ ಸುದ್ದಿಯನ್ನೂ ಸೇರಿಸಿದರು.

ಈಗ ಆ ಉತ್ತರಗಳಿಂದ ನಕ್ಷೆ ಆಗುವ ಬಗೆ ನೋಡಿ. ಪ್ರತಿ ಊರಿನ ಮೇಲೆ ಒಂದು ಅಂಕಿ. ಕಟ್ಟಡ ಪೂರ್ತಿ ಬಿದ್ದಲ್ಲಿ ಒಂದು ಅಂಕಿ, ಗೋಡೆ ಬಿರಿದಲ್ಲಿ ಇನ್ನೊಂದು, ಮಲಗಿದ್ದವರಿಗೆ ಮಾತ್ರ ಗೊತ್ತಾದಲ್ಲಿ ಮತ್ತೊಂದು. ಒಂದೇ ಅಂಕಿಯ ಊರುಗಳನ್ನು ಸುತ್ತುವರಿದು ಗೆರೆ ಎಳೆದರೆ ಉಂಗುರಗಳು ಹುಟ್ಟುತ್ತವೆ. ಕೆರೆಗೆ ಕಲ್ಲೆಸೆದಾಗ ಏಳುವ ಅಲೆಯ ಹಾಗೆ ಒಂದರ ಹೊರಗೊಂದು. ಇವೇ ಸಮಕಂಪ ರೇಖೆಗಳು. ಉಂಗುರ ದುಂಡಗೆ ಬಂದಿಲ್ಲ, ಒಂದು ಕಡೆ ಉಬ್ಬಿದೆ ಎಂದರೆ ಅಲ್ಲಿ ಮಣ್ಣು ಮೆದು ಎಂದೋ, ಮನೆಗಳು ಬಡವು ಎಂದೋ ಅರ್ಥ. ಎಲ್ಲಕ್ಕಿಂತ ಒಳಗಿನ ಉಂಗುರ ಭೂಕಂಪ ಹುಟ್ಟಿದ ಜಾಗದ ಗುರುತು. ಯಂತ್ರವೇ ಇಲ್ಲದೆ, ಬರೀ ಜನರ ಮಾತಿನಿಂದ ಮಾಡಿದ ನಕ್ಷೆ. ಈ ಭೂಕಂಪ ಗೊತ್ತಾದ ಪ್ರದೇಶದ ವಿಸ್ತೀರ್ಣ ಸುಮಾರು 45 ಲಕ್ಷ ಚದರ ಕಿಲೋಮೀಟರ್ ಎಂದು ಲೆಕ್ಕ ಬಂತು. ಇಂದಿನ ಇಡೀ ಭಾರತಕ್ಕಿಂತ ಹೆಚ್ಚು.

ಸಮಯದ ವಿಷಯದಲ್ಲಿ ಮಾತ್ರ ಜನರ ಮಾತು ಕೈಕೊಟ್ಟಿತು. ಆಗ ದೇಶಕ್ಕೆಲ್ಲ ಒಂದೇ ಗಡಿಯಾರ ಇರಲಿಲ್ಲ. ಕಲ್ಕತ್ತೆಯದು ಒಂದು ಹೊತ್ತು, ರೈಲಿನವರದು ಮದ್ರಾಸ್ ಹೊತ್ತು, ಬೇರೆ ಊರುಗಳಿಗೆ ಅವರವರ ಹೊತ್ತು. ಎಲ್ಲವನ್ನೂ ಒಂದಕ್ಕೆ ತಂದು, ನಂಬಲಾಗದ್ದನ್ನು ಬಿಟ್ಟು, ಉಳಿದದ್ದರಿಂದ ಕಂಪನದ ವೇಗ ಹಿಡಿಯಬೇಕಿತ್ತು. ಡೇಟಾ ಎಂಟ್ರಿ ಕೆಲಸ ಮಾಡಿದ ನನ್ನಂಥವರಿಗೆ ಗೊತ್ತು, ಇದಕ್ಕೆ ಬುದ್ಧಿವಂತಿಕೆಗಿಂತ ತಾಳ್ಮೆ ಬೇಕು.

ಆ ವರದಿಯಲ್ಲಿ ನನಗೆ ಬಹಳ ತಟ್ಟಿದ್ದು ಮನೆಗಳ ವಿಷಯ. ಕಲ್ಲಿನ ಭಾರದ ಕಟ್ಟಡಗಳು ಉರುಳಿಹೋದ ಅದೇ ಊರಿನಲ್ಲಿ ಮರದ ಚೌಕಟ್ಟಿಗೆ ಜೊಂಡಿನ ಗೋಡೆ ಕಟ್ಟಿ ಗಿಲಾವು ಮಾಡಿದ ಹಗುರ ಮನೆಗಳು ಬಹುಮಟ್ಟಿಗೆ ಉಳಿದುಕೊಂಡಿದ್ದವು. ಮುಂದೆ ಅಲ್ಲಿ ಅಸ್ಸಾಂ ಮಾದರಿ ಮನೆ ಎಂದು ಹೆಸರಾದ ಕಟ್ಟಡ ಪದ್ಧತಿ ಬೆಳೆದದ್ದು ಈ ಪೆಟ್ಟಿನ ನಂತರವೇ.

ನಕ್ಷೆಗೂ ಭೂಕಂಪಕ್ಕೂ ಇರುವ ನಂಟಿನ ಇನ್ನೊಂದು ಮುಖ ಇಲ್ಲಿದೆ. ನಕ್ಷೆ ಭೂಕಂಪವನ್ನು ತೋರಿಸುತ್ತದೆ, ಸರಿ. ಭೂಕಂಪವೂ ನಕ್ಷೆಯನ್ನು ಕೆಡಿಸುತ್ತದೆ. ಚೆಡ್ರಾಂಗ್ ಎಂಬ ಹೊಳೆಯ ಉದ್ದಕ್ಕೂ ನೆಲ ಸೀಳಿ ಒಂದು ಬದಿ ಮೇಲೆದ್ದಿತ್ತು. ಒಂದು ಕಡೆ ಆ ಏರು ಸುಮಾರು 35 ಅಡಿ. ನಿನ್ನೆಯವರೆಗೆ ಸುಮ್ಮನೆ ಹರಿಯುತ್ತಿದ್ದ ಹೊಳೆಯಲ್ಲಿ ಈಗ ಒಂದು ಕಡೆ ಜಲಪಾತ, ಇನ್ನೊಂದು ಕಡೆ ಮಡು. ಹಾಗಾದರೆ ಬೆಟ್ಟಗಳೂ ಜಾಗ ಬಿಟ್ಟಿವೆಯೇ? ಸರ್ವೆ ಇಲಾಖೆಯವರು ಖಾಸಿ ಬೆಟ್ಟಗಳಲ್ಲಿ ಹಿಂದೆ ಮಾಡಿದ್ದ ತ್ರಿಕೋನ ಅಳತೆಯನ್ನು ಭೂಕಂಪದ ನಂತರ ಮತ್ತೊಮ್ಮೆ ಮಾಡಿದರು. ಬೆಟ್ಟದ ತುದಿಯಿಂದ ತುದಿಗೆ ಇದ್ದ ದೂರ, ಎತ್ತರ ಎರಡೂ ಹಲವು ಅಡಿ ಬದಲಾಗಿದ್ದವು.

ಆದರೆ ಓಲ್ಡ್‌ಹ್ಯಾಮ್ ಕುಣಿದಾಡಲಿಲ್ಲ. ಅಳತೆ ಶುರುಮಾಡಲು ಒಂದು ಗೆರೆಯನ್ನು ಅಲ್ಲಾಡಿಲ್ಲ ಎಂದು ಹಿಡಿಯಬೇಕು. ಆ ಗೆರೆಯೂ ನಡುಗಿದ ನೆಲದ ಮೇಲೇ ಇದ್ದರೆ? ಅದೂ ಸರಿದಿದ್ದರೆ ಉಳಿದವು ಎಷ್ಟು ಸರಿದವು ಎಂದು ಹೇಳುವುದು ಹೇಗೆ? ಈ ತೊಡಕು ಹಳ್ಳಿಯ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ನಮ್ಮ ಹೊಲಕ್ಕೂ ಬಾಜೂ ಹೊಲಕ್ಕೂ ಗಡಿಯ ತಂಟೆ ಇತ್ತು. ಮೋಜಣಿಗೆ ಬಂದವರು ಒಂದು ಬಾಂದಗಲ್ಲಿನಿಂದ ಸರಪಳಿ ಹಿಡಿದು ಅಳೆದು, ನಮ್ಮದೇ ಎರಡು ಸಾಲು ಅತ್ತ ಹೋಗಿದೆ ಎಂದರು. ನಾಲ್ಕು ದಿನದ ಮೇಲೆ ಗೊತ್ತಾಯಿತು, ಆ ಬಾಂದಗಲ್ಲೇ ಹಿಂದಿನ ವರ್ಷದ ನೀರಿಗೆ ಉರುಳಿ, ಯಾರೋ ಅಂದಾಜಿಗೆ ಎತ್ತಿ ನಿಲ್ಲಿಸಿದ್ದು. ಅಳತೆ ಸರಿ, ಅಳೆಯಲು ಹಿಡಿದ ಕಲ್ಲು ತಪ್ಪು.

ಓಲ್ಡ್‌ಹ್ಯಾಮ್ ಆ ಅಳತೆಯನ್ನು ಬಿಸಾಡಲಿಲ್ಲ, ಸಂದೇಹದೊಡನೆ ಕಾದಿಟ್ಟರು. 2001ರಲ್ಲಿ ರೋಜರ್ ಬಿಲ್‌ಹ್ಯಾಮ್ ಮತ್ತು ಫಿಲಿಪ್ ಇಂಗ್ಲೆಂಡ್ ಎಂಬ ವಿಜ್ಞಾನಿಗಳು ಆ ನೂರು ವರ್ಷ ಹಳೆಯ ಸರ್ವೆ ಅಂಕಿಗಳನ್ನೇ ಮತ್ತೆ ಲೆಕ್ಕ ಹಾಕಿದರು. ಶಿಲ್ಲಾಂಗ್ ಪ್ರಸ್ಥಭೂಮಿಯ ಉತ್ತರದ ಅಂಚು ಆ ಸಂಜೆ ಕನಿಷ್ಠ 11 ಮೀಟರ್ ಮೇಲೆದ್ದಿತ್ತು ಎಂದು ಕಂಡುಬಂತು. ನೆಲದಡಿ ಅಡಗಿದ್ದ, ಸುಮಾರು 110 ಕಿಲೋಮೀಟರ್ ಉದ್ದದ ಆ ಸೀಳಿಗೆ ಓಲ್ಡ್‌ಹ್ಯಾಮ್ ಸ್ತರಭಂಗ ಎಂದೇ ಹೆಸರಿಟ್ಟರು.

1899ರಲ್ಲಿ ಬಂದ ಆ ವರದಿಗೆ ಮುನ್ನೂರಕ್ಕೂ ಹೆಚ್ಚು ಪುಟ. ಅದನ್ನು ಬರೆಯುವಾಗ ಯುರೋಪಿನ, ಮುಖ್ಯವಾಗಿ ಇಟಲಿಯ ಕಂಪನ ಮಾಪಕಗಳು ಅಸ್ಸಾಮಿನ ಭೂಕಂಪವನ್ನು ಗುರುತಿಸಿದ ದಾಖಲೆಗಳು ಓಲ್ಡ್‌ಹ್ಯಾಮ್ ಕೈಗೆ ಬಂದವು. ಗೆರೆಗಳಲ್ಲಿ ಮೂರು ಬೇರೆ ಬೇರೆ ನಡುಕಗಳು ಅವರಿಗೆ ಕಂಡವು. ಮೊದಲು ಬರುವುದು ತಳ್ಳುವ ಅಲೆ. ಅಣ್ಣಿಗೇರಿ ಸ್ಟೇಷನ್ ಹತ್ತಿರ ಹುಡುಗರು ಹಳಿಗೆ ಕಿವಿ ಹಚ್ಚಿ ದೂರದ ರೈಲು ಕೇಳುವ ಆಟ ಆಡುತ್ತಾರಲ್ಲ (ಆಡಬಾರದು), ಆ ಬಗೆಯದು. ಎರಡನೆಯದು ಹಗ್ಗ ಕುಲುಕಿದಂತೆ ಅಡ್ಡಡ್ಡ ಅಲುಗುವ ಅಲೆ. ಮೂರನೆಯದು ನೆಲದ ಮೇಲ್ಮೈ ಹಿಡಿದು ನಿಧಾನ ಬರುವುದು. ಇದನ್ನು 1900ರಲ್ಲಿ ಪ್ರಕಟಿಸಿದರು. ಆರೋಗ್ಯ ಕೆಟ್ಟು 1903ರಲ್ಲಿ ಭಾರತದ ನೌಕರಿ ಬಿಟ್ಟರು. ಮೂರು ವರ್ಷದ ಮೇಲೆ, ಭೂಮಿಯ ಆಚೆ ಬದಿಗೆ ಹಾದುಹೋಗುವ ಅಲೆಗಳು ತಡವಾಗಿ ಮುಟ್ಟುವುದನ್ನು ನೋಡಿ, ನಡುವೆ ಬೇರೆ ವಸ್ತುವಿನ ಗರ್ಭವೊಂದಿದೆ, ಅದರ ತ್ರಿಜ್ಯ ಭೂಮಿಯ ತ್ರಿಜ್ಯದ ಸುಮಾರು ಐದರಲ್ಲಿ ಎರಡು ಭಾಗ ಎಂದು ತೋರಿಸಿದರು. ಆ ಗರ್ಭದ ಹೊರಭಾಗ ದ್ರವ ಎಂಬುದು ತಿಳಿದದ್ದು ಮುಂದೆ, ಬೇರೆಯವರಿಂದ. ನಾವು ಬಾಯಿಪಾಠ ಮಾಡುವ ಒಂದು ಸಾಲು ಇಲ್ಲಿಯದು. ಯಾರೂ ಇಳಿದು ನೋಡಲಾಗದ ಜಾಗದ ನಕ್ಷೆಯನ್ನೂ ಭೂಕಂಪವೇ ಬರೆದುಕೊಟ್ಟಿತು.

ಗೌರವಗಳು ಬಂದವು. 1908ರಲ್ಲಿ ಲಯೆಲ್ ಪದಕ, 1911ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1920ರಿಂದ ಎರಡು ವರ್ಷ ಲಂಡನ್ ಜಿಯಾಲಾಜಿಕಲ್ ಸೊಸೈಟಿಯ ಅಧ್ಯಕ್ಷತೆ. ಇವನ್ನು ಬೇಗ ದಾಟುತ್ತೇನೆ, ಏಕೆಂದರೆ ನನಗೆ ಇಷ್ಟವಾದದ್ದು ಅವರ ಮುಪ್ಪಿನ ಕೆಲಸ. ಫ್ರಾನ್ಸಿನ ರೋನ್ ನದಿ ಸಮುದ್ರ ಸೇರುವ ಜಾಗದಲ್ಲಿ ದಂಡೆ ಹೇಗೆ ಬದಲಾಗಿದೆ ಎಂದು ತಿಳಿಯಲು ಹಳೆಯ ನಾವಿಕರ ನಕ್ಷೆಗಳನ್ನು ಹರವಿಕೊಂಡು ಕೂತರು. 1926ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, 1819ರ ಕಛ್ ಭೂಕಂಪದ ಬಗ್ಗೆ ಬರೆದರು. ಆ ಭೂಕಂಪದಲ್ಲಿ ಬಯಲಿನ ನಡುವೆ ಒಂದು ಉದ್ದನೆಯ ದಿಬ್ಬ ತಾನೇ ಎದ್ದು ನಿಂತಿತ್ತು. ಜನ ಅದನ್ನು ಅಲ್ಲಾ ಬಂಡ್ ಎಂದರು, ದೇವರು ಕಟ್ಟಿದ ಒಡ್ಡು ಎಂದು. ದಿಬ್ಬದ ಈಚೆ ನೆಲ ಕುಸಿದು ಸಿಂದ್ರಿ ಕೋಟೆ ನೀರಿನಲ್ಲಿ ನಿಂತಿತು. ಅದೇ ಪುಸ್ತಕದಲ್ಲಿ ಓಲ್ಡ್‌ಹ್ಯಾಮ್ ತಮ್ಮದೇ 1897ರ ಕೆಲಸವನ್ನೂ ಮತ್ತೆ ಪರಿಶೀಲಿಸಿ ತಿದ್ದಿದರು. ಹೆಸರು ತಂದುಕೊಟ್ಟ ವರದಿಯನ್ನು ಇಪ್ಪತ್ತೇಳು ವರ್ಷದ ಮೇಲೆ ತಾವೇ ತಿದ್ದಲು ಕೂರುವವರು ಎಷ್ಟು ಜನ ಸಿಕ್ಕಾರು? 1936ರ ಜುಲೈ 15ರಂದು ಅವರು ವೇಲ್ಸ್‌ನಲ್ಲಿ ತೀರಿಕೊಂಡರು.

ಅವರು ಸಾಯುವ ಒಂದು ವರ್ಷ ಮೊದಲು, 1935ರಲ್ಲಿ, ಬಿಹಾರದ ಮಹಾ ಭೂಕಂಪದ ಬೆನ್ನಿಗೆ, ಅವರ ಹಳೆಯ ಇಲಾಖೆಯೇ ಭಾರತದ ಮೊದಲ ಭೂಕಂಪ ವಲಯ ನಕ್ಷೆ ತಂದಿತು. 1962ರಲ್ಲಿ ಅದು ಮಾನಕವಾಯಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಧಾರವಾಡದಿಂದ ನೇರ ಗೆರೆಯಲ್ಲಿ ಸುಮಾರು 250 ಕಿಲೋಮೀಟರ್ ದೂರದ ಕೊಯ್ನಾ ನಡುಗಿತು. ಗಟ್ಟಿ ನೆಲ ಎಂದು ನಂಬಿದ್ದ ಜಾಗ. ಸುಮಾರು 180 ಜನ ಸತ್ತರು. 1970ರಲ್ಲಿ ನಕ್ಷೆ ತಿದ್ದಿದರು, ಏಳು ವಲಯ ಐದಾಯಿತು, ಕೊಯ್ನಾ ನಾಲ್ಕಕ್ಕೇರಿತು. ಅದೇ ನಕ್ಷೆಯಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಒಂದನೇ ವಲಯದಲ್ಲಿತ್ತು, ಅಂದರೆ ಎಲ್ಲಕ್ಕಿಂತ ಸುರಕ್ಷಿತ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಜನ ದಣಿದು ಮಲಗಿದ್ದ ಹೊತ್ತು, ನಸುಕಿನ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ. ಸಾವಿರಾರು ಜನ ಮನೆಯೊಳಗೇ ಮಣ್ಣಾದರು. 2002ರಲ್ಲಿ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದು ಎರಡರಲ್ಲಿ ಸೇರಿಸಿದರು. ನಾನು ಅಂಕ ಕಳೆದುಕೊಂಡ ನಕ್ಷೆ ಅದೇ. 2021ರಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದ ಜನ ನಡುಕಕ್ಕೆ ಹೆದರಿ ರಾತ್ರಿಯೆಲ್ಲ ಬಯಲಿನಲ್ಲಿ ಕಳೆದದ್ದು ನಿಮಗೂ ನೆನಪಿರಬಹುದು.

ಕಿಲ್ಲಾರಿ ನಮ್ಮೂರಿನಿಂದ ಸುಮಾರು 300 ಕಿಲೋಮೀಟರ್. ಅಂದು ನಸುಕಿನಲ್ಲಿ ಗೂಟಕ್ಕೆ ತೂಗುಹಾಕಿದ್ದ ಕಂದೀಲು ತಾನೇ ಅಲ್ಲಾಡಿದ್ದು ಅಪ್ಪನಿಗೆ ಇಂದಿಗೂ ನೆನಪಿದೆ. ಇಲಿ ಓಡಿರಬೇಕು ಎಂದುಕೊಂಡು ಮತ್ತೆ ಮಲಗಿದರಂತೆ. ಯಾರೂ ಕೇಳಲಿಲ್ಲ, ಅವರು ಯಾರಿಗೂ ಹೇಳಲಿಲ್ಲ.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮನೆ. ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ ಜಂತಿ, ಅದರ ಮೇಲೆ ಒಂದೆರಡು ಅಡಿ ಮಣ್ಣು. ಆ ಮನೆಗಳ ಚಿತ್ರ ಮೊಬೈಲಿನಲ್ಲಿ ಕಂಡಾಗ ನನ್ನ ಎದೆ ಝಲ್ಲೆಂದಿತು. ಅದು ನಮ್ಮ ಮಾಳಿಗೆ ಮನೆಯದೇ ಚಿತ್ರ. ಸೋರದಿರಲಿ ಎಂದು ಪ್ರತಿ ವರ್ಷ ಮಳೆಗೆ ಮೊದಲು ನಾವು ಮಾಳಿಗೆಗೆ ಹೊಸ ಮಣ್ಣು ಹಾಕುತ್ತೇವೆ, ಹಳೆಯದನ್ನು ತೆಗೆಯುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದಡಿ ದಪ್ಪದ ಮಣ್ಣು ನಾಲ್ಕೈದು ಕ್ವಿಂಟಲ್ ತೂಗುತ್ತದೆ. ಒಳಗೋಣೆಯ ಮೇಲೆ, ಅಜ್ಜಿ ಮಲಗುವ ಜಾಗದ ಮೇಲೆ, ಹಾರೆ ಇಳಿಸಿ ನೋಡಿದೆ. ಒಂದೂವರೆ ಅಡಿ.

ಅಪ್ಪನಿಗೆ ಹೇಳಿದೆ. ಮೂರು ತಲೆಮಾರು ನಿಂತ ಮನೆ ಈಗ ಬೀಳುತ್ತದೆಯೇ ಎಂದರು. ನಕ್ಷೆ ತೋರಿಸಿದೆ, ಅದಕ್ಕೆ ಸೊಪ್ಪು ಹಾಕಲಿಲ್ಲ. ಕಿಲ್ಲಾರಿಯ ಮನೆಗಳ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. ಕಂದೀಲಿನ ಮಾತು ಹೊರಬಂದದ್ದು ಆಗಲೇ.

ಯುಗಾದಿ ಮುಗಿದ ಮೇಲೆ ಇಬ್ಬರೂ ಮಾಳಿಗೆ ಹತ್ತಿ ಮೇಲಿನ ಒಂದಡಿ ಮಣ್ಣು ಕೆತ್ತಿ ಇಳಿಸಿದೆವು. ಒಂದು ಕೋಣೆಗೇ ಮೂರು ದಿನ ಹಿಡಿಯಿತು. ಉಳಿದ ಮಣ್ಣಿನ ಮೇಲೆ ದಪ್ಪ ತಾಡಪಾಲು ಹಾಸಿ ಅಂಚಿಗೆ ಕಲ್ಲು ಇಟ್ಟಿದ್ದೇವೆ. ಗೋಡೆ ಹಾಗೇ ಇದೆ, ಅದಕ್ಕೆ ದುಡ್ಡು ಬೇಕು, ನನಗೆ ನೌಕರಿ ಆಗಬೇಕು. ಇಳಿಸಿದ ಮಣ್ಣು ಎರಡು ಟ್ರ್ಯಾಕ್ಟರ್ ಆಯಿತು, ಹೊಲದ ಒಡ್ಡಿಗೆ ಹಾಕಿದೆವು. ಅಜ್ಜಿಗೆ ಮಾತ್ರ ಸಮಾಧಾನ ಇಲ್ಲ. ಮಣ್ಣು ತೆಗೆದ ಮೇಲೆ ಕೋಣೆ ಕಾಯುತ್ತದೆ, ಮೊದಲಿನ ತಂಪು ಹೋಯಿತು ಎಂದು ಬೈಯುತ್ತ ಚಾಪೆಯನ್ನು ಪಡಸಾಲೆಗೆ ಎಳೆದುಕೊಂಡು ಮಲಗುತ್ತಿದ್ದಾಳೆ. ಪಡಸಾಲೆಯ ಮೇಲಿನ ಮಣ್ಣು ಇನ್ನೂ ತೆಗೆದಿಲ್ಲ. ಈ ಸಲ ಊರಿಗೆ ಹೋದಾಗ ಮೊದಲು ಅದೇ ಕೆಲಸ.